ಗುಡಿ ಹೋದ ಮೇಲೆ ಉಳಿದ ಧರ್ಮ

ಕ್ರಿ.ಪೂ. 63ರಲ್ಲಿ ರೋಮಿನ ಸೇನಾಪತಿ ಪಾಂಪೆ ಜೆರುಸಲೇಮನ್ನು ಗೆದ್ದವನೇ ಅಲ್ಲಿನ ದೇವಾಲಯಕ್ಕೆ ನುಗ್ಗಿದ. ಅಂಗಳಗಳನ್ನು ಒಂದೊಂದಾಗಿ ದಾಟಿ ಗರ್ಭಗುಡಿಗೇ ಕಾಲಿಟ್ಟ. ಯಹೂದಿಗಳ ಮಹಾಯಾಜಕ ಕೂಡ ವರ್ಷಕ್ಕೊಮ್ಮೆ, ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ದಿನ ಮಾತ್ರ ಹೊಗುತ್ತಿದ್ದ ಕೋಣೆ ಅದು. ಒಳಗೆ ಏನಿತ್ತು? ಏನೂ ಇರಲಿಲ್ಲ. ವಿಗ್ರಹವಿಲ್ಲ, ಪಟವಿಲ್ಲ, ಕಲ್ಲಿನ ಒಂದು ಗುರುತೂ ಇಲ್ಲ. ಮುಂದೆ ಇತಿಹಾಸಕಾರ ಟ್ಯಾಸಿಟಸ್ ಈ ಸಂಗತಿಯನ್ನು ದಾಖಲಿಸಿದಾಗಲೂ ರೋಮನರಿಗೆ ಅದರ ಸೋಜಿಗ ಆರಿರಲಿಲ್ಲ. ಊರಿಗೊಂದು, ಬೀದಿಗೊಂದು ಮೂರ್ತಿ ಇಟ್ಟುಕೊಂಡಿದ್ದ ಜನಕ್ಕೆ ಬರಿದಾದ ಕೋಣೆಯ ಮುಂದೆ ಜೀವ ಬಿಡಲು ಸಿದ್ಧರಿದ್ದ ಈ ಜನರ ರೀತಿ ಅರ್ಥವಾಗುವಂತಿರಲಿಲ್ಲ.

ದೇವರು ಒಬ್ಬನೇ, ಅವನಿಗೆ ರೂಪವಿಲ್ಲ, ಅವನ ರೂಪ ಕೆತ್ತಬಾರದು. ಯಹೂದಿ ಧರ್ಮದ ಬುಡದಲ್ಲಿರುವ ನಂಬಿಕೆ ಇದು. ಎರಡನೆಯ ನಂಬಿಕೆ ಒಡಂಬಡಿಕೆಯದು. ಆ ದೇವರು ಅಬ್ರಹಾಮನ ಸಂತತಿಯೊಂದಿಗೆ ಒಂದು ಕರಾರು ಮಾಡಿಕೊಂಡ, ಈಜಿಪ್ಟಿನ ಜೀತದಿಂದ ಅವರನ್ನು ಬಿಡಿಸಿದ, ಸೀನಾಯ್ ಬೆಟ್ಟದಲ್ಲಿ ಮೋಶೆಯ ಕೈಯಲ್ಲಿ ತೋರಾವನ್ನು, ಅಂದರೆ ಬದುಕುವ ಕಟ್ಟಳೆಯನ್ನು ಕೊಟ್ಟ. ಅದರಲ್ಲಿ 613 ವಿಧಿನಿಷೇಧಗಳಿವೆ ಎಂದು ಪರಂಪರೆಯ ಲೆಕ್ಕ. ಅಬ್ರಹಾಮ ಮೋಶೆಯರ ಕಥೆಗಳಿಗೆ ಪುರಾತತ್ತ್ವದ ಸಾಕ್ಷಿ ಸಿಕ್ಕಿಲ್ಲ. ಆದರೆ ಜೆರುಸಲೇಮಿನ ಮೊದಲ ದೇವಾಲಯವನ್ನು ಬ್ಯಾಬಿಲೋನಿನ ನೆಬುಕಡ್ನೆಜರ್ ಕ್ರಿ.ಪೂ. 586ರ ಸುಮಾರಿಗೆ ಸುಟ್ಟು ಜನರನ್ನು ಸೆರೆ ಒಯ್ದದ್ದು, ಪರ್ಷಿಯಾದ ಸೈರಸ್ ಬ್ಯಾಬಿಲೋನನ್ನು ಗೆದ್ದ ಮೇಲೆ ಅವರಲ್ಲಿ ಕೆಲವರು ಮರಳಿ ಬಂದು ಎರಡನೆಯ ದೇವಾಲಯ ಕಟ್ಟಿದ್ದು, ಇವು ಇತಿಹಾಸ. ಕ್ರಿ.ಪೂ. 20ರ ಹೊತ್ತಿಗೆ ಹೆರೋದ್ ರಾಜ ಆ ದೇವಾಲಯವನ್ನು ಮೂಲದ ಗುರುತೇ ಸಿಗದಷ್ಟು ದೊಡ್ಡದಾಗಿ ಬೆಳೆಸತೊಡಗಿದ. ಅವನು ಕಟ್ಟಿಸಿದ ಜಗಲಿಯ ಆಧಾರಗೋಡೆಯಲ್ಲಿ ಹದಿಮೂರು ಮೀಟರಿಗೂ ಉದ್ದದ ಒಂದೇ ಕಲ್ಲು ಇವತ್ತಿಗೂ ಇದೆ.

ಆ ಕಾಲದ ಯಹೂದಿಗೆ ಧರ್ಮವೆಂದರೆ ಬಹುಮಟ್ಟಿಗೆ ಆ ಒಂದು ಕಟ್ಟಡ. ದಿನವೂ ಬೆಳಿಗ್ಗೆ ಒಂದು ಕುರಿಮರಿ, ಮಧ್ಯಾಹ್ನ ಒಂದು ಕುರಿಮರಿ ಬಲಿ. ಪಾಪಕ್ಕೆ ಬಲಿ, ಹೆರಿಗೆಯ ನಂತರ ಬಲಿ, ಹಬ್ಬಕ್ಕೆ ಬಲಿ. ಬೇರೆ ಊರಿನಲ್ಲಿ ಬಲಿಪೀಠ ಕಟ್ಟುವಂತಿಲ್ಲ. ಯಾಜಕತನ ಒಂದು ವಂಶದ ಸ್ವತ್ತು. ರೋಮಿನಿಂದ ಬ್ಯಾಬಿಲೋನಿನವರೆಗೆ ಎಲ್ಲೇ ನೆಲೆಸಿದ್ದರೂ ಗಂಡಾಳಿಗೆ ವರ್ಷಕ್ಕೆ ಅರ್ಧ ಶೆಕೆಲ್ ಬೆಳ್ಳಿ ಅಲ್ಲಿಗೆ ಹೋಗಬೇಕು. ಪಾಪ ಕಳೆಯುವ ಜಾಗ ಭೂಮಿಯ ಮೇಲೆ ಒಂದೇ ಒಂದು ಇದ್ದು, ಅದೂ ಹೋದರೆ?

ಹೋಯಿತು. ಕ್ರಿ.ಶ. 66ರಲ್ಲಿ ರೋಮನ್ ಅಧಿಕಾರಿ ಗೆಸ್ಸಿಯಸ್ ಫ್ಲೋರಸ್ ದೇವಾಲಯದ ಬೊಕ್ಕಸದಿಂದ 17 ಟ್ಯಾಲೆಂಟ್ ಹಣ ಎತ್ತಿಕೊಂಡ. ಗಲಭೆಯಾಯಿತು, ಕತ್ತಿ ಆಡಿತು. ಸಿಟ್ಟಿಗೆದ್ದ ಕೆಲವು ಯಾಜಕರು ಚಕ್ರವರ್ತಿಯ ಹೆಸರಿನ ನಿತ್ಯಬಲಿಯನ್ನೇ ನಿಲ್ಲಿಸಿಬಿಟ್ಟರು. ರೋಮಿನ ಕಣ್ಣಿಗೆ ಇದು ದಂಗೆಯ ಘೋಷಣೆ. ಅಡಗಿಸಲು ಸಿರಿಯಾದಿಂದ ಬಂದ ಸೈನ್ಯ ಬೇತ್ ಹೋರೋನಿನ ಕಣಿವೆಯಲ್ಲಿ ಪೆಟ್ಟು ತಿಂದು ಹಿಮ್ಮೆಟ್ಟಿತು. ಆ ಗೆಲುವು ಯಹೂದಿಗಳಿಗೆ ಒದಗಿದ ದೊಡ್ಡ ದುರದೃಷ್ಟ ಎನ್ನಬೇಕು. ಗೆಲ್ಲಬಹುದು ಎಂಬ ಹುಚ್ಚು ಹತ್ತಿತು. ನೀರೋ ತನ್ನ ಅನುಭವಿ ದಂಡನಾಯಕ ವೆಸ್ಪಾಸಿಯನ್‌ನನ್ನು ಕಳಿಸಿದ. ಅವನು ಗಲಿಲೀ ಸೀಮೆಯನ್ನು ಊರೂರಾಗಿ ತುಳಿಯುತ್ತ ಬಂದ. ಅಲ್ಲಿ ಶರಣಾದ ಯಹೂದಿ ಸೇನಾನಿ ಜೋಸೆಫಸ್ ಮುಂದೆ ರೋಮಿನ ಆಶ್ರಯದಲ್ಲಿ ಕೂತು ಈ ಯುದ್ಧದ ಚರಿತ್ರೆ ಬರೆದ. ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಅವನ ಕೃಪೆ. ತನ್ನ ಜೀವ ಉಳಿಸಿದವರ ಮನೆಯಲ್ಲಿ ಕೂತು ಬರೆದವನು ಎಂಬುದನ್ನು ಮರೆಯದೆ ಓದಬೇಕು.

69ರಲ್ಲಿ ವೆಸ್ಪಾಸಿಯನ್ ಚಕ್ರವರ್ತಿಯಾದ. ಮಗ ಟೈಟಸ್ 70ರ ವಸಂತದಲ್ಲಿ, ಈಜಿಪ್ಟಿನ ಬಿಡುಗಡೆಯನ್ನು ನೆನೆಯುವ ಪಸ್ಕಹಬ್ಬಕ್ಕೆ ಬಂದ ಜನ ಊರು ತುಂಬಿದ್ದಾಗಲೇ, ನಾಲ್ಕು ಲೀಜನ್ ಸೇನೆಯೊಂದಿಗೆ ಜೆರುಸಲೇಮನ್ನು ಮುತ್ತಿದ. ಒಳಗಿದ್ದವರು ಒಂದಾಗಿದ್ದರೆ ಇನ್ನಷ್ಟು ದಿನ ತಡೆಯುತ್ತಿದ್ದರೇನೋ. ಸಿಮೋನ್ ಬಾರ್ ಗಿಯೋರಾ, ಗಿಸ್ಕಾಲದ ಯೋಹಾನ, ಎಲಿಯಾಜರ್, ಹೀಗೆ ಮೂರು ಬಣ. ಒಬ್ಬರನ್ನೊಬ್ಬರು ಕೊಲ್ಲುವ ಭರದಲ್ಲಿ ವರ್ಷಗಟ್ಟಲೆ ಊರನ್ನು ಸಾಕಬಲ್ಲ ಧಾನ್ಯದ ಕಣಜಗಳಿಗೆ ತಾವೇ ಬೆಂಕಿ ಇಟ್ಟರು. ಯಹೂದಿ ಪಂಚಾಂಗದ ತಮ್ಮುಜ್ ತಿಂಗಳ 17ರಂದು ನಿತ್ಯಬಲಿ ನಿಂತಿತು. ಮೂರು ವಾರ ಕಳೆದು ಆವ್ ತಿಂಗಳಲ್ಲಿ ದೇವಾಲಯ ಹೊತ್ತಿ ಉರಿಯಿತು. ಅದನ್ನು ಉಳಿಸಬೇಕೆಂದು ಟೈಟಸ್ ಬಯಸಿದ್ದ, ಸೈನಿಕನೊಬ್ಬ ಆಜ್ಞೆ ಮೀರಿ ಕೊಳ್ಳಿ ಎಸೆದ ಎನ್ನುತ್ತಾನೆ ಜೋಸೆಫಸ್. ನಂಬುವವರು ಕಡಿಮೆ. ದೇವಾಲಯದ ಏಳು ಕವಲಿನ ಚಿನ್ನದ ದೀಪಸ್ತಂಭವನ್ನು ರೋಮಿನ ಸೈನಿಕರು ಹೊತ್ತು ಮೆರೆಯುವ ಚಿತ್ರ ರೋಮಿನ ಟೈಟಸ್ ಕಮಾನಿನಲ್ಲಿ ಈಗಲೂ ಕಾಣುತ್ತದೆ. ಗಾಯಕ್ಕೆ ಉಪ್ಪು ಹಚ್ಚುವಂತೆ, ದೇವಾಲಯಕ್ಕೆ ಸಲ್ಲುತ್ತಿದ್ದ ಅರ್ಧ ಶೆಕೆಲ್ಲನ್ನು ಇನ್ನು ಮುಂದೆ ರೋಮಿನ ಜ್ಯುಪಿಟರ್ ದೇವಸ್ಥಾನಕ್ಕೆ ಕಟ್ಟಬೇಕೆಂದು ಚಕ್ರವರ್ತಿ ಹುಕುಂ ಹೊರಡಿಸಿದ. ಹೆಂಗಸರು, ಮಕ್ಕಳು ಕೂಡ ಕಟ್ಟಬೇಕು.

ದೇವಾಲಯದೊಂದಿಗೆ ಯಾಜಕರ ಪಂಗಡವಾದ ಸದ್ದೂಕಾಯರು ಅಳಿದರು. ಮೃತ ಸಮುದ್ರದ ದಂಡೆಯ ಕುಮ್ರಾನಿನಲ್ಲಿ ಗ್ರಂಥದ ಸುರುಳಿಗಳನ್ನು ಗುಹೆಗಳಲ್ಲಿ ಬಿಟ್ಟುಹೋದ ವಿರಕ್ತರ ಸಮುದಾಯವೂ ಕಾಣೆಯಾಯಿತು. ಆ ಸುರುಳಿಗಳು ಮತ್ತೆ ಬೆಳಕು ಕಂಡದ್ದು 1947ರಲ್ಲಿ. ಉಳಿದವು ಎರಡು ಕವಲು. ಒಂದು, ನಜರೇತಿನ ಯೇಸುವೇ ಮೆಸ್ಸೀಯ, ಅಂದರೆ ದೇವರು ಕಳಿಸುವ ಉದ್ಧಾರಕ ಎಂದು ನಂಬಿದವರದು. ಅವರ ದಾರಿ ಬೇರೆಯಾಗುತ್ತ ಹೋಯಿತು. ಇನ್ನೊಂದು, ಫರಿಸಾಯರೆಂಬ ಪಂಗಡದ ಪರಂಪರೆಯ ಪಂಡಿತರದು. ಇವರು ಯಾಜಕರಲ್ಲ, ಶಾಸ್ತ್ರ ಓದಿ ಅರ್ಥ ಹೇಳುವ ಗುರುಗಳು, ರಬ್ಬಿಗಳು. ಈಗ ನಾವು ಯಹೂದಿ ಧರ್ಮ ಎಂದು ಕರೆಯುವುದರಲ್ಲಿ ಬಹುಪಾಲು ಇವರ ಕೈಕೆಲಸ.

ಅವರ ಹಿರಿಯ ಯೋಹನಾನ್ ಬೆನ್ ಜಕ್ಕಾಯ್. ಯುದ್ಧದ ನಡುವೆ ಊರು ಬಿಟ್ಟು ಹೊರಡಲು ಬಂಡಾಯಗಾರರು ಯಾರನ್ನೂ ಬಿಡುತ್ತಿರಲಿಲ್ಲ. ಹೆಣಗಳಿಗೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಯೋಹನಾನ್ ಸತ್ತರೆಂದು ಸುದ್ದಿ ಹಬ್ಬಿಸಿ, ಶಿಷ್ಯರಾದ ಎಲಿಯೇಜರ್ ಮತ್ತು ಯೆಹೋಶುವ ಅವರನ್ನು ಶವಪೆಟ್ಟಿಗೆಯಲ್ಲಿ ಹೊತ್ತು ಹೊರಗೆ ತಂದರಂತೆ. ನೇರ ವೆಸ್ಪಾಸಿಯನ್ ಬಿಡಾರಕ್ಕೆ ಹೋಗಿ, ನೀನು ಚಕ್ರವರ್ತಿಯಾಗುವೆ ಎಂದು ಭವಿಷ್ಯ ಹೇಳಿ, ವರವಾಗಿ ಯಾವ್ನೆ ಎಂಬ ಪುಟ್ಟ ಊರನ್ನೂ ಅಲ್ಲಿನ ಪಂಡಿತರನ್ನೂ ಕೇಳಿದರಂತೆ. ಮುಂದೆ ರಬ್ಬಿಗಳ ಚರ್ಚೆಗಳಿಂದ ರೂಪುಗೊಂಡ ತಾಲ್ಮುದ್ ಎಂಬ ಗ್ರಂಥದ ಈ ಕಥೆ ಬೇರೆ ಬೇರೆ ಪಾಠಗಳಲ್ಲಿ ಬೇರೆ ಬೇರೆಯಾಗಿದೆ, ಭವಿಷ್ಯ ಹೇಳಿದೆನೆಂದು ಜೋಸೆಫಸ್ ಕೂಡ ತನ್ನ ಬಗ್ಗೆ ಬರೆದುಕೊಂಡಿದ್ದಾನೆ. ಹಾಗಾಗಿ ಇದನ್ನು ದಾಖಲೆ ಎನ್ನಲಾಗದು. ಆದರೆ ಜೆರುಸಲೇಮನ್ನು ಕೇಳದೆ ಒಂದು ಪಾಠಶಾಲೆಯನ್ನು ಕೇಳಿದರು ಎಂಬ ಈ ಕಥೆಯನ್ನು ರಬ್ಬಿಗಳು ತಲೆಮಾರುಗಳ ಕಾಲ ಹೇಳಿಕೊಂಡು ಬಂದರು, ಬೈದವರೂ ಇದ್ದರು. ಇಡೀ ಪಟ್ಟಣವನ್ನೇ ಯಾಕೆ ಕೇಳಲಿಲ್ಲ ಎಂಬ ಟೀಕೆಯನ್ನು ತಾಲ್ಮುದ್ ಅಲ್ಲಿಯೇ ದಾಖಲಿಸುತ್ತದೆ.

ಕರಾವಳಿ ಬಯಲಿನ ಯಾವ್ನೆಯಲ್ಲಿ ಕೂತವರ ಮುಂದಿದ್ದ ಪ್ರಶ್ನೆಗಳು ತೀರ ನಿತ್ಯದವು. ಹೊಸ ವರ್ಷದ ಹಬ್ಬದಲ್ಲಿ ಟಗರಿನ ಕೊಂಬು ಊದಬೇಕು. ಹಬ್ಬ ಶಬ್ಬಾತ್ ದಿನ, ಅಂದರೆ ಶನಿವಾರ ಬಂದರೆ ದೇವಾಲಯದಲ್ಲಿ ಮಾತ್ರ ಊದುವ ರೂಢಿ. ಈಗ ದೇವಾಲಯವಿಲ್ಲ. ಊದಬೇಕೋ ಬೇಡವೋ? ಚರ್ಚಿಸೋಣ ಎಂದರು ಕೆಲವರು. ಮೊದಲು ಊದೋಣ, ಆಮೇಲೆ ಚರ್ಚೆ ಎಂದರು ಯೋಹನಾನ್. ಊದಿದ್ದಾಯಿತು. ಈಗ ಚರ್ಚಿಸೋಣ ಎಂದು ಆ ಕೆಲವರು ಬಂದರೆ, ಯಾವ್ನೆಯಲ್ಲಿ ಕೊಂಬಿನ ಸದ್ದು ಕೇಳಿಯಾಗಿದೆ, ನಡೆದದ್ದನ್ನು ಇನ್ನು ಪ್ರಶ್ನಿಸುವುದು ಹೇಗೆ ಎಂದುಬಿಟ್ಟರು. ನಮ್ಮ ಪಂಚಾಯಿತಿ ಕಟ್ಟೆಯ ಹಳೆಯ ತಲೆಗಳಿಗೆ ಚೆನ್ನಾಗಿ ಅರ್ಥವಾಗುವ ಚಾಣಾಕ್ಷತನ! ಆದರೆ ಆ ಒಂದು ಊದಿನಲ್ಲಿ ದೇವಾಲಯದ ಅಧಿಕಾರ ಪಂಡಿತರ ಸಭೆಗೆ ಬಂದಿತ್ತು.

ಹೀಗೆ ಒಂದೊಂದೇ. ಬೆಳಗಿನ ಬಲಿ, ಮಧ್ಯಾಹ್ನದ ಬಲಿ ನಡೆಯುತ್ತಿದ್ದ ಹೊತ್ತಿಗೆ ಈಗ ಪ್ರಾರ್ಥನೆ. ಸಂಜೆಗೆ ಇನ್ನೊಂದು. ಹಬ್ಬದ ಹೆಚ್ಚುವರಿ ಬಲಿಗೆ ಹೆಚ್ಚುವರಿ ಪ್ರಾರ್ಥನೆ. ಅದಕ್ಕೆ ಬೇಕಾದದ್ದು ಬಲಿಪೀಠವಲ್ಲ, ಹತ್ತು ಜನ ವಯಸ್ಕ ಗಂಡಸರು. ಹತ್ತು ಜನ ಸೇರಿದ ಯಾವ ಕೋಣೆಯೂ ಸಿನಗಾಗ್ ಆಗಬಹುದು. ಮುಖ ಮಾತ್ರ ಜೆರುಸಲೇಮಿನತ್ತ. ಪಾಪಕ್ಕೆ ಬಲಿಯಿಲ್ಲವಲ್ಲ ಎಂದು ದೇವಾಲಯದ ಅವಶೇಷ ನೋಡಿ ಅತ್ತ ಶಿಷ್ಯ ಯೆಹೋಶುವರಿಗೆ, ಅದಕ್ಕೆ ಸರಿಸಾಟಿಯಾದ ಪ್ರಾಯಶ್ಚಿತ್ತ ಇನ್ನೊಂದಿದೆ, ಕರುಣೆಯ ಕೆಲಸ ಎಂದು ಯೋಹನಾನ್ ಸಮಾಧಾನ ಹೇಳಿದರಂತೆ.

ಇದೇ ಯೆಹೋಶುವರ ಬಗ್ಗೆ ಇನ್ನೊಂದು ಕಥೆ ಇದೆ. ನನಗೆ ಈ ಇಡೀ ಕಾಲದಲ್ಲಿ ಬಹಳ ಹಿಡಿಸುವುದು ಅದೇ. ದೇವಾಲಯ ಹಾಳಾದ ಮೇಲೆ ಅನೇಕರು ಮಾಂಸ ಬಿಟ್ಟರು, ದ್ರಾಕ್ಷಾರಸ ಬಿಟ್ಟರು. ಬಲಿಪೀಠಕ್ಕೆ ಸಲ್ಲುತ್ತಿದ್ದುದನ್ನು ನಾವು ಹೇಗೆ ತಿನ್ನುವುದು ಎಂಬುದು ಅವರ ಸಂಕಟ. ಯೆಹೋಶುವ ಅವರ ಬಳಿ ಹೋಗಿ, ಹಾಗಿದ್ದರೆ ರೊಟ್ಟಿಯನ್ನೂ ಬಿಡಿ, ಧಾನ್ಯದ ನೈವೇದ್ಯವೂ ನಿಂತಿದೆಯಲ್ಲ ಎಂದರು. ಹಣ್ಣು ತಿನ್ನುತ್ತೇವೆ ಎಂದರು ಅವರು. ಹಣ್ಣಿನ ಮೊದಲ ಫಸಲೂ ಅಲ್ಲಿಗೇ ಹೋಗುತ್ತಿತ್ತಲ್ಲ. ನೀರು? ಅದನ್ನೂ ಬಲಿಪೀಠಕ್ಕೆ ಎರೆಯುತ್ತಿದ್ದರು. ಅವರಿಗೆ ಮಾತು ನಿಂತಿತು. ಆಗ ಯೆಹೋಶುವ ಹೇಳಿದರು: ದುಃಖಿಸದೆ ಇರಲಾಗದು, ಅತಿಯಾಗಿ ದುಃಖಿಸಲೂ ಆಗದು. ಮನೆಗೆ ಗಾರೆ ಮಾಡಿ, ಒಂದಿಷ್ಟು ಜಾಗ ಹಾಗೇ ಬಿಡಿ. ಸಂಪ್ರದಾಯಸ್ಥರ ಮನೆಗಳಲ್ಲಿ ಬಾಗಿಲ ಎದುರಿನ ಗೋಡೆಯಲ್ಲಿ ಗಾರೆಯಿಲ್ಲದ ಒಂದು ಚೌಕ ಈಗಲೂ ಕಾಣಸಿಗುತ್ತದೆ. ಮದುವೆಯಲ್ಲಿ ಮದುಮಗ ಗಾಜಿನ ಲೋಟವನ್ನು ತುಳಿದು ಒಡೆಯುವ ಪದ್ಧತಿಗೂ ಜನ ಕೊಡುವ ಕಾರಣ ಆ ದೇವಾಲಯವೇ. ಆವ್ ತಿಂಗಳ ಒಂಬತ್ತನೆಯ ದಿನ ಮಾತ್ರ ಪೂರ್ಣ ಶೋಕ. ಅವತ್ತು ಉಪವಾಸ, ನೆಲದ ಮೇಲೆ ಕೂತು ಪ್ರಲಾಪಗಳು ಎಂಬ ಗ್ರಂಥದ ಪಠನ. ಉಳಿದ ದಿನ ಬದುಕಬೇಕು.

ಎಲ್ಲರೂ ಈ ಮಾತು ಕೇಳಲಿಲ್ಲ. 132ರಲ್ಲಿ ಸಿಮೋನ್ ಬಾರ್ ಕೊಖ್ಬಾನ ಮುಂದಾಳತ್ವದಲ್ಲಿ ಮತ್ತೆ ದಂಗೆ ಎದ್ದಿತು. ಕುರಿಗಾಹಿಯಾಗಿದ್ದು ನಲವತ್ತರ ವಯಸ್ಸಿನಲ್ಲಿ ಅಕ್ಷರ ಕಲಿತರೆಂದು ಹೇಳುವ, ಆ ಕಾಲದ ಅತಿ ದೊಡ್ಡ ಪಂಡಿತ ಅಕೀವ ಅವರೇ ಅವನನ್ನು ಮೆಸ್ಸೀಯ ಎಂದು ಒಪ್ಪಿದರು. 135ಕ್ಕೆ ಎಲ್ಲ ಮುಗಿಯಿತು. ಅಕೀವ ಚಿತ್ರಹಿಂಸೆಯಲ್ಲಿ ಸತ್ತರು. ಚಕ್ರವರ್ತಿ ಹೇಡ್ರಿಯನ್ ಜೆರುಸಲೇಮಿನ ಹೆಸರನ್ನೇ ಏಲಿಯಾ ಕ್ಯಾಪಿಟೊಲಿನಾ ಎಂದು ಬದಲಿಸಿ ಯಹೂದಿಗಳಿಗೆ ಪ್ರವೇಶ ಮುಚ್ಚಿದ. ಪಂಡಿತರು ಉತ್ತರದ ಗಲಿಲೀಗೆ ಸರಿದರು. ಕತ್ತಿಯ ದಾರಿ ಮುಚ್ಚಿದ್ದರಿಂದಲೋ ಏನೋ, ಪುಸ್ತಕದ ದಾರಿ ಅಗಲವಾಯಿತು.

ಸುಮಾರು 200ರಲ್ಲಿ ಯೆಹೂದ ಹನಸಿ ಬಾಯಿಪಾಠದಲ್ಲಿದ್ದ ಶಾಸ್ತ್ರವಿಚಾರವನ್ನೆಲ್ಲ ಮಿಶ್ನಾ ಎಂಬ ಸಂಹಿತೆಯಾಗಿ ಜೋಡಿಸಿದರು. ಆರು ಭಾಗ, 63 ಪ್ರಕರಣ. ಮೊದಲ ಪ್ರಶ್ನೆ: ಸಂಜೆಯ ಪ್ರಾರ್ಥನೆಯನ್ನು ಯಾವ ಹೊತ್ತಿನಿಂದ ಹೇಳಬಹುದು? ಉತ್ತರ ಶುರುವಾಗುವುದು, ಯಾಜಕರು ತಮ್ಮ ಪಾಲಿನ ಕಾಣಿಕೆಯ ಧಾನ್ಯ ಉಣ್ಣಲು ಒಳಬರುವ ಹೊತ್ತಿನಿಂದ ಎಂದು. ದೇವಾಲಯ ಬೂದಿಯಾಗಿ ನೂರಮೂವತ್ತು ವರ್ಷ ಕಳೆದಿದೆ, ಇವರ ಗಡಿಯಾರ ಇನ್ನೂ ಅಲ್ಲಿನದೇ! ಒಂದು ಇಡೀ ಭಾಗ ಬಲಿಯ ವಿಧಿಗಳಿಗೆ ಮೀಸಲು. ಒಂದು ಪ್ರಕರಣ ದೇವಾಲಯದ ಉದ್ದಗಲದ ಅಳತೆಯನ್ನು ಮೊಳದ ಲೆಕ್ಕದಲ್ಲಿ ಕೊಡುತ್ತದೆ. ಕಟ್ಟಡ ನಾಶವಾಯಿತೆಂದು ಕಟ್ಟಡದ ಶಾಸ್ತ್ರವನ್ನು ಬಿಡಲಿಲ್ಲ. ಅದನ್ನು ಓದುವುದೇ ಪೂಜೆಯಾಯಿತು.

ಮಿಶ್ನಾದ ಇನ್ನೊಂದು ವಿಶೇಷ, ಸೋತವರ ವಾದವನ್ನೂ ಬರೆದಿಡುವುದು. ಹಿಲ್ಲೆಲ್ ಪಂಥ ಹೀಗೆಂದಿತು, ಶಮ್ಮಾಯ್ ಪಂಥ ಹಾಗೆಂದಿತು. ಆಚರಣೆ ಬಹುಮಟ್ಟಿಗೆ ಹಿಲ್ಲೆಲ್ ಪ್ರಕಾರ, ಆದರೆ ಶಮ್ಮಾಯ್ ಮಾತು ಅಳಿಸಿಲ್ಲ. ಇದರ ತುದಿ ಕಾಣುವುದು ಒಂದು ಒಲೆಯ ಕಥೆಯಲ್ಲಿ. ಒಂದು ಬಗೆಯ ಒಲೆ ಮೈಲಿಗೆಗೆ ಒಳಪಡುತ್ತದೆಯೇ ಎಂಬ ವಾದ. ಯೋಹನಾನರ ಶಿಷ್ಯ ಎಲಿಯೇಜರ್ ಒಂದು ಕಡೆ, ಉಳಿದ ಪಂಡಿತರೆಲ್ಲ ಇನ್ನೊಂದು ಕಡೆ. ನಾನು ಹೇಳಿದ್ದು ಸರಿಯಾದರೆ ಈ ಮರ ಸಾಕ್ಷಿ ಹೇಳಲಿ ಎಂದರು ಎಲಿಯೇಜರ್. ಮರ ಕಿತ್ತು ದೂರ ಹೋಗಿ ನಿಂತಿತು. ಕಾಲುವೆ ಹಿಂದಕ್ಕೆ ಹರಿಯಿತು, ಗೋಡೆಗಳು ವಾಲಿದವು, ಕೊನೆಗೆ ಆಕಾಶದಿಂದಲೇ ವಾಣಿ ಬಂತು. ಯೆಹೋಶುವ ಎದ್ದುನಿಂತು, ತೋರಾ ಈಗ ಸ್ವರ್ಗದಲ್ಲಿಲ್ಲ, ಕೊಟ್ಟಾಗಿದೆ, ಬಹುಮತದಂತೆ ನಡೆಯೋಣ ಎಂದರು. ದೇವರು ನಕ್ಕು ಮಕ್ಕಳು ತನ್ನನ್ನು ಸೋಲಿಸಿದರು ಎಂದನಂತೆ. ಕಥೆಯನ್ನು ಇಲ್ಲಿಗೇ ನಿಲ್ಲಿಸುವವರು ಹೆಚ್ಚು. ತಾಲ್ಮುದ್ ಮುಂದುವರಿಯುತ್ತದೆ: ಗೆದ್ದವರು ಎಲಿಯೇಜರರಿಗೆ ಬಹಿಷ್ಕಾರ ಹಾಕಿದರು, ಅವರ ಕಣ್ಣೀರಿಗೆ ಲೋಕದ ಬೆಳೆ ಸುಟ್ಟಿತು. ಬಹುಮತದ ಕ್ರೌರ್ಯವನ್ನೂ ಅದೇ ಪುಟದಲ್ಲಿ ಬರೆದಿಟ್ಟ ಪ್ರಾಮಾಣಿಕತೆ ಅದು.

ಇಷ್ಟೆಲ್ಲ ವಾದದ ಫಲ ಕೊನೆಗೆ ಇಳಿದುಬಂದದ್ದು ಊಟದ ಮೇಜಿಗೆ. ಹಿಂದೆ ಬಲಿಪೀಠ ಪಾಪ ಕಳೆಯುತ್ತಿತ್ತು, ಈಗ ಉಣ್ಣುವ ಮೇಜು ಎಂಬುದು ರಬ್ಬಿಗಳ ಮಾತಿನ ಸಾರ. ಬಲಿಗೆ ಉಪ್ಪು ಹಾಕುತ್ತಿದ್ದ ನೆನಪಿಗೆ ರೊಟ್ಟಿಯನ್ನು ಉಪ್ಪಿಗೆ ತಾಗಿಸಿ ತಿನ್ನುತ್ತಾರೆ. ಗೊರಸು ಸೀಳಿರುವ, ಮೆಲುಕು ಹಾಕುವ ಪ್ರಾಣಿಯ ಮಾಂಸ ಮಾತ್ರ ಸಲ್ಲುತ್ತದೆ. ಹಂದಿ ಇಲ್ಲ. ಮೀನಿಗೆ ಈಜುರೆಕ್ಕೆ, ಹುರುಪೆ ಎರಡೂ ಇರಬೇಕು. ಸಿಗಡಿ, ಏಡಿ ನಿಷಿದ್ಧ. ಮಾಂಸಕ್ಕೂ ಹಾಲಿಗೂ ಪಾತ್ರೆ ಬೇರೆ. ಶುಕ್ರವಾರ ಸೂರ್ಯ ಮುಳುಗುವ ಮುನ್ನ ಮನೆಯಾಕೆ ದೀಪ ಹಚ್ಚಿದರೆ ಶಬ್ಬಾತ್ ಶುರು. ಶನಿವಾರ ರಾತ್ರಿ ಮೂರು ನಕ್ಷತ್ರ ಕಾಣುವವರೆಗೆ ಕೆಲಸವಿಲ್ಲ. ಕೆಲಸ ಎಂದರೆ ಯಾವುದು? ಮಿಶ್ನಾ 39 ಬಗೆ ಪಟ್ಟಿ ಮಾಡುತ್ತದೆ: ಉಳುವುದು, ನೇಯುವುದು, ಬರೆಯುವುದು, ಬೆಂಕಿ ಹಚ್ಚುವುದು. ಮರುಭೂಮಿಯಲ್ಲಿ ದೇವರ ಗುಡಾರ ಕಟ್ಟಲು ಬೇಕಾಗಿದ್ದ ಕೆಲಸಗಳೇ ಇವು ಎನ್ನುತ್ತದೆ ತಾಲ್ಮುದ್. ಪಸ್ಕಹಬ್ಬದಲ್ಲಿ ಹಿಂದೆ ದೇವಾಲಯದಲ್ಲಿ ಕುರಿಮರಿ ಕಡಿದು ಸುಟ್ಟು ತಿನ್ನುತ್ತಿದ್ದರು. ಈಗ ತಟ್ಟೆಯಲ್ಲಿ ಒಂದು ಸುಟ್ಟ ಮೂಳೆ, ಹುಳಿ ಬರದ ರೊಟ್ಟಿ, ಕಹಿ ಸೊಪ್ಪು. ಮನೆಯ ಕಿರಿಯ ಮಗು ಈ ರಾತ್ರಿ ಯಾಕೆ ಬೇರೆ ಎಂದು ಕೇಳಬೇಕು, ಹಿರಿಯರು ಈಜಿಪ್ಟಿನ ಜೀತದ ಕಥೆ ಹೇಳಬೇಕು. ಹಬ್ಬಗಳ ಲೆಕ್ಕ ಚಾಂದ್ರಮಾನದ್ದು. ಋತು ತಪ್ಪದಂತೆ 19 ವರ್ಷಕ್ಕೆ ಏಳು ಅಧಿಕ ಮಾಸ ಸೇರಿಸುತ್ತಾರೆ, ನಮ್ಮ ಪಂಚಾಂಗದವರಿಗೆ ವಿವರಿಸಬೇಕಿಲ್ಲ.

ಮಿಶ್ನಾದ ಮೇಲಿನ ಚರ್ಚೆ ಬ್ಯಾಬಿಲೋನಿಯಾದ ಸೂರಾ, ಪುಂಬೆಡಿತ ವಿದ್ಯಾಪೀಠಗಳಲ್ಲಿ ಬೆಳೆದು ಆರನೆಯ ಶತಮಾನದ ಹೊತ್ತಿಗೆ ತಾಲ್ಮುದ್ ಆಯಿತು. 1242ರ ಸುಮಾರಿಗೆ ಪ್ಯಾರಿಸಿನಲ್ಲಿ ಗಾಡಿಗಟ್ಟಲೆ ತಾಲ್ಮುದ್ ಪ್ರತಿಗಳನ್ನು ಸುಟ್ಟರು. 1520ರ ದಶಕದಲ್ಲಿ ವೆನಿಸಿನಲ್ಲಿ ಅದನ್ನು ಪೂರ್ತಿಯಾಗಿ ಮೊದಲು ಅಚ್ಚುಹಾಕಿದವನು ಡೇನಿಯಲ್ ಬೋಂಬರ್ಗ್ ಎಂಬ ಕ್ರೈಸ್ತ.

ಈ ಧರ್ಮ ಹೀಗೆ ಊರಿಲ್ಲದೆ ಸಂಚರಿಸಬಲ್ಲದ್ದಾದ್ದರಿಂದಲೇ ಮಂಗಳೂರಿಗೂ ಬಂತು. ಟ್ಯುನೀಶಿಯಾ ಕಡೆಯ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿ, ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಏಡನ್ನಿನಿಂದ ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಆ ವರ್ಷ ಅಕ್ಟೋಬರಿನಲ್ಲಿ ಅವನು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆದ. ಅವಳೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರ ಊಹೆ. ಕಡಲ ದಂಡೆಯ ಮಂಜರೂರಿನಲ್ಲಿ ಬರೆದದ್ದು ಎಂದು ಊರಿನ ಗುರುತು ಹೇಳುವ ಆ ಪತ್ರ ಯಹೂದಿ ಶಾಸ್ತ್ರದ ನಮೂನೆಯಲ್ಲಿದೆ. ರಬ್ಬಿಗಳು ರೂಪಿಸಿದ ಕಾನೂನು ತುಳುನಾಡಿನ ಕರೆಯಲ್ಲಿ ಹಾಗೆ ನಡೆಯುತ್ತಿತ್ತು. ದೇವರ ಹೆಸರಿರಬಹುದಾದ ಯಾವ ಕಾಗದವನ್ನೂ ಎಸೆಯಬಾರದು ಎಂಬ ಇನ್ನೊಂದು ಕಟ್ಟಳೆಯಿಂದಾಗಿ ಬೆನ್ ಯಿಜುವಿನ ಕಾಗದಪತ್ರಗಳು ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗಿನ ಗೆನೀಜಾ ಎಂಬ ಕೋಣೆಯಲ್ಲಿ ಉಳಿದವು. 1896–97ರಲ್ಲಿ ವಿದ್ವಾಂಸ ಸೊಲೊಮನ್ ಶೆಕ್ಟರ್ ಆ ರಾಶಿಯ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ಒಯ್ದರು. ಆ ಪತ್ರಗಳಲ್ಲಿ ಬರುವ, ವ್ಯಾಪಾರಕ್ಕೆ ಏಡನ್ನಿಗೂ ಹೋಗಿಬಂದ ದಾಸನ ಹೆಸರನ್ನು ಓದುವುದು ಹೇಗೆಂದು ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು ತುಳು ವಿದ್ವಾಂಸ ಬಿ.ಎ. ವಿವೇಕ ರೈ ಅವರನ್ನು ಕೇಳಿದಾಗ ಸಿಕ್ಕ ಉತ್ತರ, ಬೊಮ್ಮ. ಬೆನ್ ಯಿಜು 1149ರಲ್ಲಿ ಮಂಗಳೂರು ಬಿಟ್ಟ. ಅವನ ಮಗಳ ಮದುವೆ 1156ರಲ್ಲಿ ಈಜಿಪ್ಟಿನಲ್ಲಿ ಆಯಿತು. ಕೆಲವು ವರ್ಷ ಕಳೆದು ಹಳೆಯ ಕೈರೋಗೆ ಬಂದು ನೆಲೆಸಿದ ಮಹಾಪಂಡಿತ ಮೈಮೊನಿಡೀಸ್ ಯಹೂದಿ ಶಾಸ್ತ್ರವನ್ನೆಲ್ಲ ಕ್ರೋಡೀಕರಿಸಿದರು, ದೇವಾಲಯದ ಬಲಿವಿಧಿಗಳನ್ನೂ ಬಿಡದೆ. ಅವರ ತಮ್ಮ ದಾವೀದ್ ಇತ್ತ ವ್ಯಾಪಾರಕ್ಕೆ ಹೊರಟವನು ಹಿಂದೂ ಮಹಾಸಾಗರದಲ್ಲಿ ಮುಳುಗಿಹೋದ.

ನಮ್ಮ ಉತ್ತರಕ್ಕೆ, ಕೊಂಕಣದ ಬೆನೆ ಇಸ್ರೇಲಿ ಯಹೂದಿಗಳ ಕಥೆ ಇನ್ನೂ ವಿಚಿತ್ರ. ಅವರ ಬಳಿ ತಾಲ್ಮುದ್ ಇರಲಿಲ್ಲ, ರಬ್ಬಿಗಳಿರಲಿಲ್ಲ. ಆದರೂ ಶನಿವಾರ ಗಾಣ ತಿರುಗಿಸುತ್ತಿರಲಿಲ್ಲ. ನೆರೆಯವರು ಅವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು ಎಂದೇ ಕರೆದರು.

ಮುಂದಿನದು ಪುಸ್ತಕಗಳಲ್ಲಿ ಧಾರಾಳವಾಗಿ ಸಿಗುತ್ತದೆ: 1492ರಲ್ಲಿ ಸ್ಪೇನಿನಿಂದ ಗಡೀಪಾರು, ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಸುಧಾರಣಾ ಪಂಥ, ನಾಜಿಗಳು ಕೊಂದ ಅರವತ್ತು ಲಕ್ಷ ಜನ, 1948ರಲ್ಲಿ ಇಸ್ರೇಲ್, ಅದರೊಂದಿಗೆ ಪ್ಯಾಲೆಸ್ಟೀನಿಯರು ನೆಲೆ ಕಳೆದುಕೊಂಡದ್ದು. ಹತ್ತು ಗಂಡಸರ ಲೆಕ್ಕದಲ್ಲಿ ಹೆಂಗಸರನ್ನೂ ಸೇರಿಸುವ ಪಂಥಗಳು ಈಗ ಇವೆ. 1935ರಲ್ಲಿ ಜರ್ಮನಿಯಲ್ಲಿ ರೆಜಿನಾ ಯೋನಾಸ್ ರಬ್ಬಿಯಾಗಿ ದೀಕ್ಷೆ ಪಡೆದರು. ಅವರನ್ನು 1944ರಲ್ಲಿ ಆಶ್ವಿಟ್ಸ್‌ನಲ್ಲಿ ಕೊಂದರು.

ಆದರೆ ಒಂದು ಸಂಗತಿ ಹೇಳಲೇಬೇಕು. 1967ರ ಜೂನ್ ಯುದ್ಧದಲ್ಲಿ ಇಸ್ರೇಲಿ ಸೈನ್ಯ ಹಳೆಯ ಜೆರುಸಲೇಮನ್ನು ಹಿಡಿಯಿತು. ದೇವಾಲಯವಿದ್ದ ಜಗಲಿ 1,900 ವರ್ಷಗಳ ಮೇಲೆ ಯಹೂದಿಗಳ ಕೈಗೆ ಬಂತು. ಅಲ್ಲಿ ಏಳನೆಯ ಶತಮಾನದ ಕೊನೆಯಿಂದ ಮುಸ್ಲಿಮರ ಪವಿತ್ರ ಬಂಡೆಗುಮ್ಮಟವಿದೆ, ಪಕ್ಕದಲ್ಲಿ ಅಲ್-ಅಕ್ಸಾ ಮಸೀದಿ. ರಕ್ಷಣಾ ಸಚಿವ ಮೋಶೆ ದಯಾನ್ ಒಳಗಿನ ಆಡಳಿತವನ್ನು ಮುಸ್ಲಿಮರ ಧಾರ್ಮಿಕ ದತ್ತಿಯಾದ ವಕ್ಫ್‌ಗೇ ಬಿಟ್ಟ. ಇಸ್ರೇಲಿನ ಪ್ರಧಾನ ರಬ್ಬಿಗಳ ಕಚೇರಿ ಮಾಡಿದ್ದು ಇನ್ನೊಂದು. ಗರ್ಭಗುಡಿ ಎಲ್ಲಿತ್ತೆಂದು ನಿಖರವಾಗಿ ಗೊತ್ತಿಲ್ಲ, ಅಲ್ಲಿ ಕಾಲಿಡಲು ಬೇಕಾದ ಶುದ್ಧಿಯ ವಿಧಿ ಈಗ ನಡೆಯುತ್ತಿಲ್ಲ, ಆದ್ದರಿಂದ ಶಾಸ್ತ್ರದಂತೆ ಯಹೂದಿಗಳು ಮೇಲೆ ಹತ್ತಬಾರದು ಎಂದು ದ್ವಾರದಲ್ಲಿ ಫಲಕ ಹಾಕಿಸಿತು. ಇದನ್ನು ಒಪ್ಪದ ರಬ್ಬಿಗಳೂ ಇದ್ದಾರೆ, ಇತ್ತೀಚಿನ ವರ್ಷಗಳಲ್ಲಿ ಅವರ ಮಾತು ಕೇಳಿ ಹತ್ತುವವರೂ ಹೆಚ್ಚುತ್ತಿದ್ದಾರೆ. ಎರಡು ಕಡೆಯವರೂ ಉದ್ಧರಿಸುವುದು ಮಿಶ್ನಾವನ್ನೇ, ಮೈಮೊನಿಡೀಸರನ್ನೇ.